ಮಲೆನಾಡಿನ ಬೇಸಿಗೆ ಶಿಬಿರಕ್ಕೆ ಮೊದಲ ಸಲ ಲೀಡ್: ಏನೇನು ತಯಾರಿ ಬೇಕು?

ಹಾಳೆಟೋಪಿ:

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೆಯ ವಾರ ಸಾಗರ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆಯಲ್ಲಿ ಮಕ್ಕಳ ಪ್ರಕೃತಿ ಶಿಬಿರ ಇದೆ. ಆರು ರಾತ್ರಿ, ಏಳು ಹಗಲು. 9ರಿಂದ 13 ವರ್ಷದ 32 ಮಕ್ಕಳು, ಹೆಚ್ಚಿನವರು ಬೆಂಗಳೂರಿನವರು. ಮಕ್ಕಳ ಗುಂಪು ನೋಡಿಕೊಳ್ಳುವ ಕೌನ್ಸೆಲರ್ ಕೆಲಸ ಗೊತ್ತು, ಇಡೀ ಶಿಬಿರದ ಹೊಣೆ ಹೊತ್ತು ಲೀಡ್ ಆಗುತ್ತಿರುವುದು ಮೊದಲ ಸಲ. ನನ್ನ ಜೊತೆ ನಾಲ್ವರು ಕೌನ್ಸೆಲರ್‌ಗಳು, ಇಬ್ಬರು ಹುಡುಗಿಯರು, ಇಬ್ಬರು ಹುಡುಗರು. ಅಡುಗೆಗೆ ಇಬ್ಬರು. ತೋಟದ ಹಿಂದೆ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಗುಡ್ಡ), ಅದರಾಚೆ ಕಾಡು. ಅರ್ಧ ಕಿಲೋಮೀಟರ್ ಕೆಳಗೆ ಒಂದು ಹಳ್ಳ.

ಕೇಳಬೇಕಾದ್ದು ಇಷ್ಟು. ಜನರನ್ನು ಹೇಗೆ ಹಂಚಲಿ? ದಿನದ ವೇಳಾಪಟ್ಟಿ ಹೇಗಿದ್ದರೆ ಒಳ್ಳೆಯದು? ಮಂಗನ ಕಾಯಿಲೆ, ಹಾವು ಅಂತ ಪೋಷಕರು ಈಗಲೇ ಫೋನ್ ಮಾಡುತ್ತಿದ್ದಾರೆ, ಅವರಿಗೆ ಏನು ಹೇಳಲಿ, ನಾನೇನು ಸಿದ್ಧ ಮಾಡಿಕೊಳ್ಳಲಿ? ಚಟುವಟಿಕೆಗಳು ಶಾಲೆಯ ಪಾಠದ ಹಾಗೆ ಆಗದಿರಲು ಏನು ಮಾಡಬೇಕು? ಮಕ್ಕಳನ್ನು ಹಳ್ಳಕ್ಕೆ ಇಳಿಸಬಹುದೇ?

ಕುಟ್ರುಹಕ್ಕಿ:

ಮೊದಲು ಹಂಚಿಕೆ. ನಿಮ್ಮ ಹೆಸರಿನಲ್ಲಿ ಒಂದು ಗುಂಪನ್ನೂ ಇಟ್ಟುಕೊಳ್ಳಬೇಡಿ. ಹೊಸದಾಗಿ ಲೀಡ್ ಆದವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. 32 ಮಕ್ಕಳನ್ನು ನಾಲ್ವರಿಗೆ ಹಂಚಿದರೆ ಎಂಟೆಂಟು. ರಾತ್ರಿ ತಂಗುವ ಶಿಬಿರದಲ್ಲಿ ಈ ವಯಸ್ಸಿಗೆ ಅದೇ ಮೇಲ್ಮಿತಿ. ಒಬ್ಬ ಹುಡುಗನಿಗೆ ವಾಂತಿ ಶುರುವಾಗಿ ಅವನ ಕೌನ್ಸೆಲರ್ ಆಸ್ಪತ್ರೆಗೆ ಹೊರಟರೆ ಉಳಿದ ಏಳು ಮಕ್ಕಳನ್ನು ನೋಡಿಕೊಳ್ಳುವವರು ನೀವು. ನಿಮ್ಮ ಕೈಯಲ್ಲೂ ಎಂಟು ಮಕ್ಕಳಿದ್ದರೆ ಆ ಏಳು ಇನ್ನೊಬ್ಬರ ತಲೆಗೆ ಬೀಳುತ್ತವೆ. ಆಮೇಲೆ ಎಣಿಕೆ ತಪ್ಪುತ್ತದೆ. ಕೌನ್ಸೆಲರ್‌ಗಳಿಗೆ ದಿನಕ್ಕೆ ಎರಡು ಗಂಟೆ ಬಿಡುವು ಕೊಡಲೇಬೇಕು, ಇಲ್ಲವಾದರೆ ನಾಲ್ಕನೇ ದಿನಕ್ಕೆ ರೇಗಾಟ ಶುರು. ಹಾಗಾಗಿ ಬದಲಿಗೆ ಐದನೆಯವರೊಬ್ಬರನ್ನು ಆಯೋಜಕರ ಹತ್ತಿರ ಈಗಲೇ ಕೇಳಿ. ಒಂದು ಗಾಡಿ, ಚಾಲಕನ ಸಮೇತ, ಹಗಲೂ ರಾತ್ರಿ ಅಂಗಳದಲ್ಲೇ ನಿಂತಿರಬೇಕು. 108 ಇದೆ ನಿಜ, ಆದರೆ ತೋಟದ ಮಣ್ಣುದಾರಿ ಹುಡುಕಿಕೊಂಡು ಅದು ಬರುವಷ್ಟರಲ್ಲಿ ನಿಮ್ಮ ಗಾಡಿ ಅರ್ಧ ದಾರಿ ಹೋಗಿರುತ್ತದೆ.

ಮಕ್ಕಳು ಬರುವ ಹಿಂದಿನ ದಿನವೇ ಕೌನ್ಸೆಲರ್‌ಗಳೆಲ್ಲ ಜಾಗಕ್ಕೆ ಬರಲಿ. ತೋಟದ ಯಜಮಾನರನ್ನು ಕರೆದುಕೊಂಡು ಇಡೀ ಜಾಗ ನಡೆಯಿರಿ. ಕಾಡಿಗಿಂತ ಮನೆಯ ಸುತ್ತಲೇ ಅಪಾಯ ಜಾಸ್ತಿ. ಪ್ಲಾಸ್ಟಿಕ್ ಹೊದಿಸಿದ ಕೃಷಿ ಹೊಂಡ ಇದ್ದರೆ ಅದು ಮೊದಲನೆಯದು: ಈಜು ಬಲ್ಲವರೂ ಆ ಜಾರು ಇಳಿಜಾರು ಹತ್ತಿ ಮೇಲೆ ಬರಲಾರರು. ಬೇಲಿ ಇಲ್ಲದಿದ್ದರೆ ಹಾಕಿಸಿ, ಗಂಟು ಹಾಕಿದ ಹಗ್ಗವನ್ನು ಗೂಟಕ್ಕೆ ಕಟ್ಟಿ ಒಳಕ್ಕೆ ಇಳಿಬಿಡಿ. ಗೋಬರ್ ಗ್ಯಾಸಿನ ಸ್ಲರಿ ಗುಂಡಿಯ ಮೇಲ್ಪದರ ಬೇಸಿಗೆಯಲ್ಲಿ ಒಣಗಿ ನೆಲದ ಹಾಗೇ ಕಾಣುತ್ತದೆ, ಚೆಂಡು ಹುಡುಕಲು ಹೋದ ಮಗು ಸೀದಾ ಕಾಲಿಡುತ್ತದೆ. ಕಟ್ಟೆ ಇಲ್ಲದ ಬಾವಿ, ಕರೆಂಟ್ ಹರಿಸುವ ಐಬೆಕ್ಸ್ ಬೇಲಿ, ಮೈಲುತುತ್ತ ಮತ್ತು ತೋಟಕ್ಕೆ ಹೊಡೆಯುವ ಔಷಧಿ ಇಟ್ಟ ಕೊಟ್ಟಿಗೆ, ಕಟ್ಟಿ ಹಾಕದ ನಾಯಿ, ಇವನ್ನೂ ನೋಡಿ. ಬೇಲಿಯ ಕರೆಂಟ್ ಹಗಲು ಆಫ್ ಮಾಡುತ್ತಾರಾ ಅಂತ ಕೇಳಿ, ಮಾಡಿದರೂ ಮಕ್ಕಳಿಗೆ ಹೇಳಬೇಡಿ.

ಎಣಿಕೆಯ ಬಗ್ಗೆ. "ಒಂದು, ಎರಡು, ಮೂರು" ಅಂತ ಮಕ್ಕಳೇ ಕೂಗುವ ಪದ್ಧತಿಯನ್ನು ನಂಬಬೇಡಿ. ಗೆಳೆಯ ಹಿಂದುಳಿದಿದ್ದರೆ ಅವನ ನಂಬರನ್ನು ಇನ್ನೊಬ್ಬ ಕೂಗುತ್ತಾನೆ, ಒಂಬತ್ತು ವರ್ಷದವರಿಗೆ ಅದು ಆಟ. ಕೌನ್ಸೆಲರ್ ತನ್ನ ಎಂಟು ಮುಖಗಳನ್ನು ನೋಡಿ ಎಣಿಸಬೇಕು, ಸಂಖ್ಯೆಯನ್ನು ನಿಮಗೆ ಬಾಯಿಬಿಟ್ಟು ಹೇಳಬೇಕು, ನೀವು ಚೀಟಿಯಲ್ಲಿ ಬರೆಯಬೇಕು. ಹೊರಡುವಾಗ, ತಲುಪಿದಾಗ, ವಾಪಸು ಹೊರಡುವಾಗ, ಊಟಕ್ಕೆ ಕೂತಾಗ, ದೀಪ ಆರಿಸುವಾಗ. ನಡಿಗೆಯಲ್ಲಿ ಮುಂದೆ ಒಬ್ಬರು, ಕೊನೆಗೆ ಒಬ್ಬರು. ಕೊನೆಯವರನ್ನು ದಾಟಿ ಯಾರೂ ಹಿಂದೆ ಉಳಿಯುವಂತಿಲ್ಲ, ಉಚ್ಚೆಗೆ ನಿಂತರೂ ಅವರೂ ನಿಲ್ಲಬೇಕು. ಸೀಟಿ ಭಾಷೆ ಮೂರೇ ಇರಲಿ: ಒಂದು ಊದಿದರೆ ನಿಂತಲ್ಲೇ ನಿಲ್ಲು, ಎರಡು ಊದಿದರೆ ಇಲ್ಲಿಗೆ ಬಾ, ಮೂರು ಊದಿದರೆ ಅಪಾಯ. ಸೀಟಿ ಕೌನ್ಸೆಲರ್‌ಗಳ ಕೊರಳಲ್ಲಿ ಮಾತ್ರ. ಮಕ್ಕಳಿಗೆ ಹಂಚಿದಿರೋ ಎರಡನೇ ದಿನಕ್ಕೆ ಸೀಟಿಗೆ ಯಾರೂ ತಿರುಗಿಯೂ ನೋಡುವುದಿಲ್ಲ.

ವೇಳಾಪಟ್ಟಿಯಲ್ಲಿ ದೂರದ ನಡಿಗೆ ಏನಿದ್ದರೂ ಬೆಳಿಗ್ಗೆಯೇ. ಏಪ್ರಿಲ್ ಕೊನೆಗೆ ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟಿ ಗುಡುಗುವುದು ಅಲ್ಲಿ ಮಾಮೂಲು. ಆರಕ್ಕೆ ಎಬ್ಬಿಸಿ, ಆರೂವರೆಯಿಂದ ಎಂಟರವರೆಗೆ ಹಕ್ಕಿ ನಡಿಗೆ, ತಿಂಡಿ, ಒಂಬತ್ತೂಕಾಲರಿಂದ ಹನ್ನೊಂದು ಮುಖ್ಯ ಚಟುವಟಿಕೆ. ಹನ್ನೊಂದಕ್ಕೆ ಮಜ್ಜಿಗೆ ಅಥವಾ ರಾಗಿ ಅಂಬಲಿ, ಜೊತೆಗೆ ತಿನ್ನಲು ಏನಾದರೂ. ಇದನ್ನು ಬಿಟ್ಟರೆ ಹನ್ನೆರಡಕ್ಕೆ ಅಳು ಮತ್ತು ಜಗಳ, ಕಾರಣ ಬರೀ ಹಸಿವು. ಊಟದ ಮೇಲೆ ಎರಡರಿಂದ ಮೂರೂವರೆ ಕಡ್ಡಾಯ ವಿಶ್ರಾಂತಿ. ನಿದ್ದೆ ಮಾಡದಿದ್ದರೂ ಮಲಗಿ ಓದಲಿ, ಚಿತ್ರ ಬರೆಯಲಿ. ಸಂಜೆ ಆಟ ಮನೆ ಹತ್ತಿರ. ಒಂಬತ್ತೂವರೆಗೆ ದೀಪ ಬಂದ್. ಆಮೇಲೆ ಕೌನ್ಸೆಲರ್‌ಗಳ ಸಭೆ, ಇಪ್ಪತ್ತು ನಿಮಿಷಕ್ಕೆ ಮುಗಿಯಲಿ. ಹನ್ನೊಂದರ ತನಕ ಹರಟಿದ ಕೌನ್ಸೆಲರ್ ಮರುದಿನ ಹಳ್ಳದ ದಂಡೆಯಲ್ಲಿ ತೂಕಡಿಸುತ್ತಾನೆ.

ಅಕ್ಕಿ ಲೆಕ್ಕ ಬೇಕಾದರೆ: ಮಕ್ಕಳು, ದೊಡ್ಡವರು ಸೇರಿ ನಲವತ್ತು ಜನಕ್ಕೆ ಒಂದು ಹೊತ್ತಿಗೆ ನಾಲ್ಕರಿಂದ ನಾಲ್ಕೂವರೆ ಕಿಲೋ. ಮೊದಲ ದಿನ ಉಳಿಯುತ್ತದೆ, ಮೂರನೇ ದಿನದಿಂದ ಸಾಲದು.

ಗುಳಿಗೆಡಬ್ಬಿ:

ಆರೋಗ್ಯದ ಭಾಗ ನಾನು ಬರೆಯುತ್ತೇನೆ.

ಪೋಷಕರಿಂದ ತುಂಬಿಸುವ ಫಾರಂನಲ್ಲಿ ಮಗುವಿನ ತೂಕ ಇರಲೇಬೇಕು. ಎಲ್ಲರೂ ರಕ್ತದ ಗುಂಪು ಕೇಳುತ್ತಾರೆ, ತೂಕ ಕೇಳುವುದಿಲ್ಲ. ರಕ್ತದ ಗುಂಪನ್ನು ಆಸ್ಪತ್ರೆಯವರು ಹೇಗೂ ತಾವೇ ಪರೀಕ್ಷಿಸುತ್ತಾರೆ, ನಿಮಗೆ ಬೇಕಾಗುವುದು ತೂಕ. ಪ್ಯಾರಾಸಿಟಮಾಲ್ ಕಿಲೋಗೆ 10ರಿಂದ 15 ಮಿಲಿಗ್ರಾಂ, ಆರು ಗಂಟೆ ಅಂತರ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. 30 ಕಿಲೋ ಮಗುವಿಗೆ 300ರಿಂದ 450 ಮಿಲಿಗ್ರಾಂ. ಸಿರಪ್ ಬಾಟಲಿಗಳಲ್ಲಿ 5 ಎಂಎಲ್‌ಗೆ 125, 250 ಎಂದು ಬೇರೆ ಬೇರೆ ಸಾಂದ್ರತೆ ಇರುತ್ತದೆ, ಗಡಿಬಿಡಿಯಲ್ಲಿ ತಪ್ಪುವುದು ಅಲ್ಲೇ. ಒಂದೇ ಸಾಂದ್ರತೆಯದನ್ನು ಮಾತ್ರ ಡಬ್ಬಿಯಲ್ಲಿಡಿ. ಯಾವ ಮಗುವಿಗೆ ಎಷ್ಟು ಎಂದು ಮೊದಲೇ ವೈದ್ಯರಿಂದ ಬರೆಸಿ, ಪೋಷಕರ ಸಹಿ ಪಡೆಯಿರಿ. ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಡೆಂಗಿಯೋ ಮಂಗನ ಕಾಯಿಲೆಯೋ ಆಗಿದ್ದರೆ ರಕ್ತಸ್ರಾವ ಹೆಚ್ಚುತ್ತದೆ. ಕೊಟ್ಟ ಪ್ರತಿ ಗುಳಿಗೆಯ ಸಮಯ, ಪ್ರಮಾಣ, ಕೊಟ್ಟವರ ಹೆಸರು ಒಂದು ನೋಟ್‌ಬುಕ್‌ನಲ್ಲಿರಲಿ.

ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದೇ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ (ಉಣ್ಣೆ ಹುಳ). ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ, ಅಂದರೆ ನಿಮ್ಮ ಶಿಬಿರ ಸರಿಯಾಗಿ ಅದರೊಳಗೇ ಬರುತ್ತದೆ. ಎರಡು ವಾರ ಮುಂಚೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಖುದ್ದಾಗಿ ಹೋಗಿ ಕೇಳಿ: ಈ ವರ್ಷ ಈ ಭಾಗದಲ್ಲಿ ಪ್ರಕರಣ ಇದೆಯೇ, ಮಂಗ ಸತ್ತಿದೆಯೇ? ಇದೆ ಎಂದರೆ ಬೆಟ್ಟ, ಕಾಡಿನ ನಡಿಗೆ ಪೂರ್ತಿ ಕೈಬಿಡಿ ಅಥವಾ ಜಾಗವನ್ನೇ ಬದಲಿಸಿ. ಇದರಲ್ಲಿ ರಾಜಿ ಬೇಡ. ಇಲ್ಲ ಎಂದರೂ ಉದ್ದ ತೋಳು, ಉದ್ದ ಪ್ಯಾಂಟು, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸುವುದು, ತಿಳಿ ಬಣ್ಣದ ಬಟ್ಟೆ. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಸಿಗುತ್ತದೆಯೇ, ಮಕ್ಕಳಿಗೆ ಹೇಗೆ ಬಳಸಬೇಕು ಎಂದು ಅಲ್ಲೇ ವಿಚಾರಿಸಿ. ತರಗೆಲೆಯ ಮೇಲೆ ಯಾರೂ ಕೂರಬಾರದು, ಒಂದೊಂದು ಗೋಣಿಚೀಲದ ತುಂಡು ಕೊಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕಾಡಿನಿಂದ ಬಂದ ಕೂಡಲೇ ಬಟ್ಟೆ ಬದಲಿಸಿ ಬಿಸಿನೀರು, ಸೋಪಿನ ಸ್ನಾನ. ಮಂಡಿಯ ಹಿಂದೆ, ಸೊಂಟ, ಕಂಕುಳು, ಕಿವಿಯ ಹಿಂದೆ ನೋಡಿಕೊಳ್ಳುವುದನ್ನು ಮಕ್ಕಳಿಗೇ ಕಲಿಸಿ. ಎಳೆಯ ಉಣುಗು ಗಸಗಸೆ ಕಾಳಿನಷ್ಟಿರುತ್ತದೆ. ಕಚ್ಚಿ ಹಿಡಿದಿದ್ದರೆ ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ತಿರುಚದೆ ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ, ಸುಣ್ಣ ಯಾವುದೂ ಬೇಡ.

ಸೋಂಕು ತಗಲಿದ ಮೇಲೆ ಜ್ವರ ಕಾಣಿಸಲು 3ರಿಂದ 8 ದಿನ ಹಿಡಿಯುತ್ತದೆ. ಅಂದರೆ ಮಗು ಮನೆ ಸೇರಿದ ಮೇಲೆ ಜ್ವರ ಬರಬಹುದು, ಬೆಂಗಳೂರಿನ ವೈದ್ಯರಿಗೆ ಮಂಗನ ಕಾಯಿಲೆ ತಟ್ಟನೆ ಹೊಳೆಯುವುದಿಲ್ಲ. ಆದ್ದರಿಂದ ಹೊರಡುವ ದಿನ ಪ್ರತಿ ಮಗುವಿನ ಚೀಲದಲ್ಲಿ ಒಂದು ಚೀಟಿ ಇಡಿ: "ಎರಡು ವಾರದೊಳಗೆ ಜ್ವರ ಬಂದರೆ, ಮಗು ಸಾಗರ ತಾಲ್ಲೂಕಿನ ಕಾಡಿನಂಚಿನಲ್ಲಿ ಇತ್ತೆಂದು ವೈದ್ಯರಿಗೆ ತಿಳಿಸಿ." ಪೋಷಕರಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ಇದನ್ನೆಲ್ಲ ಹೀಗೇ ಹೇಳಿ. "ಏನೂ ಆಗಲ್ಲ, ಧೈರ್ಯವಾಗಿ ಕಳಿಸಿ" ಅನ್ನುವ ಶಿಬಿರಕ್ಕೆ ಮಕ್ಕಳನ್ನು ಕಳಿಸಬಾರದು.

ಹಾವು. ನೆಲದಲ್ಲಿ ಮಲಗುವ ಮಕ್ಕಳಿಗೆ ಭಯ ಕಟ್ಟುಹಾವಿನದು. ರಾತ್ರಿ ಓಡಾಡುವ ಹಾವು, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮಂಚ ಇಲ್ಲದಿದ್ದರೆ ಪ್ರತಿ ಹಾಸಿಗೆಗೂ ಸೊಳ್ಳೆಪರದೆ, ಅದರ ಅಂಚು ಹಾಸಿಗೆಯ ಅಡಿಗೆ ಸುತ್ತಲೂ ಸಿಕ್ಕಿಸಿರಬೇಕು. ಬೆಳಗಿನ ಜಾವ ಮಗು ಹೊಟ್ಟೆನೋವು ಎಂದು ಎದ್ದು, ರೆಪ್ಪೆ ಜೋಲುತ್ತಿದ್ದರೆ, ಮಾತು ತೊದಲಿದರೆ, ಗಾಯ ಕಾಣದಿದ್ದರೂ ಹಾವಿನ ಕಡಿತ ಎಂದೇ ತಿಳಿದು ಹೊರಡಿ. ಮಲಗುವ ಕೋಣೆಗೆ ತಾಗಿ ಸೌದೆ, ಅಡಿಕೆ ಹಾಳೆ ಪೇರಿಸಿದ್ದರೆ ಮಕ್ಕಳು ಬರುವ ಮೊದಲೇ ತೆಗೆಸಿ. ಇಲಿ ಇದ್ದಲ್ಲಿ ಹಾವು ಬರುತ್ತದೆ.

ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು, ಹೀರುವುದು ಏನೂ ಮಾಡಬೇಡಿ. ಬಳೆ, ಉಂಗುರ, ವಾಚು ಬಿಚ್ಚಿ. ಕೈಯೋ ಕಾಲೋ ಅಲುಗದಂತೆ ಹಲಗೆ ಅಥವಾ ಮಡಿಸಿದ ಪತ್ರಿಕೆ ಇಟ್ಟು ಸಡಿಲವಾಗಿ ಸುತ್ತಿ, ನಡೆಸದೆ ಎತ್ತಿಕೊಂಡು ಗಾಡಿಗೆ ಸಾಗಿಸಿ. ಸಮಯ ಬರೆದಿಡಿ. ಹಾವು ಹಿಡಿಯಲು ಯಾರೂ ಹೋಗಬೇಡಿ. ಸಾಗರದ ಸರ್ಕಾರಿ ಆಸ್ಪತ್ರೆಗೆ ಶಿಬಿರದ ಹಿಂದಿನ ದಿನ ಹೋಗಿ, ವಿಷನಿರೋಧಕ ಚುಚ್ಚುಮದ್ದು ದಾಸ್ತಾನು ಇದೆಯೇ, ರಾತ್ರಿ ವೈದ್ಯರು ಇರುತ್ತಾರೆಯೇ ಎಂದು ಕೇಳಿ. ಅಲ್ಲಿಂದ ಮುಂದೆ ಎಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ಸುಮಾರು 70 ಕಿಲೋಮೀಟರ್. ಈ ಚುಚ್ಚುಮದ್ದು ಕೆಲಸ ಮಾಡುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲದ ವಿಷಕ್ಕೆ ಮಾತ್ರ. ಘಟ್ಟದ ಗುಳಿಮಂಡಲ (ಪಿಟ್ ವೈಪರ್) ಹಾವುಗಳ ವಿಷಕ್ಕೆ ಇದು ನಾಟುವುದಿಲ್ಲ, ಅದಕ್ಕೇ ದೊಡ್ಡ ಆಸ್ಪತ್ರೆಯ ದಾರಿಯೂ ಗೊತ್ತಿರಬೇಕು.

ಉಳಿದದ್ದು ಚುಟುಕಾಗಿ. ಹೆಜ್ಜೇನು ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ಓಡಿ ಮನೆಯೊಳಗೆ ಸೇರಬೇಕು. ನೀರಿಗೆ ಹಾರಬಾರದು. ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ತುಟಿ ಊದಿ ಉಸಿರು ಕಟ್ಟಿದರೆ ಕ್ಷಣವೂ ಕಾಯದೆ ಆಸ್ಪತ್ರೆ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಎಲ್ಲರೂ ಸೂರಿನೊಳಗೆ, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬಿಡಬೇಡಿ. ತೋಟದ ಸೋಗೆ ಚಪ್ಪರ ಸೂರಲ್ಲ. ಓಆರ್‌ಎಸ್ ಪೊಟ್ಟಣ ಪೂರ್ತಿ ಒಂದು ಲೀಟರಿಗೆ. ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸಿ ಕಲಸಿದರೆ ಉಪ್ಪಿನ ಪ್ರಮಾಣ ಕೆಡುತ್ತದೆ. ಕುಡಿಯುವ ನೀರು ಕುದಿಸಿದ್ದು, ಬಾವಿ ನೀರು ಎಷ್ಟೇ ತಿಳಿಯಾಗಿರಲಿ.

ಜೀರುಂಡೆ:

ಮೇಲಿನದೆಲ್ಲ ಓದಿ ಹೆದರಿ ಮಕ್ಕಳನ್ನು ಏಳು ದಿನ ಜಗಲಿಯಲ್ಲೇ ಕೂರಿಸಬೇಡಿ ಮಾರಾಯ್ರೆ.

ಪಾಠ ಆಗಬಾರದು ಅಂದರೆ ಹೆಸರನ್ನು ಕೊನೆಗೆ ಹೇಳಿ. "ಇದು ಮಡಿವಾಳ ಹಕ್ಕಿ" ಅಂದ ಕೂಡಲೇ ಮಗು ಬರ್ಕೊಂಡು ಮುಂದೆ ಹೋಗತ್ತೆ. "ಬಾಲ ಏನ್ಮಾಡ್ತಿದೆ ನೋಡು, ಎಲ್ಲಿ ಕೂತು ಹಾಡ್ತಿದೆ" ಅಂತ ಕೇಳಿದ್ರೆ ಐದು ನಿಮಿಷ ನಿಂತು ನೋಡತ್ತೆ. ಮಂಗಟ್ಟೆ, ಕಾಜಾಣ, ಕುಟ್ರು ಇಷ್ಟು ಗುರುತು ಹಿಡಿದ್ರೆ ಮೊದಲ ದಿನಕ್ಕೆ ಧಾರಾಳ. ದುರ್ಬೀನು ಎಲ್ಲರಿಗೂ ಬೇಡ, ನಾಲ್ಕು ಮಕ್ಕಳಿಗೊಂದು ಸಾಕು. ಮೊದಲು ಅಂಗಳದಲ್ಲಿ ಕಂಬಕ್ಕೆ ಫೋಕಸ್ ಮಾಡೋದು ಕಲಿಸಿ, ಇಲ್ಲಾಂದ್ರೆ ಹಕ್ಕಿ ಬಂದಾಗ ಎಲ್ಲ ಮಸಕು.

ಖರ್ಚಿಲ್ಲದೆ ಎರಡು ಗಂಟೆ ಹಿಡಿಸೋದು ಚೌಕದ ಆಟ. ನಾಲ್ಕು ಮೀಟರ್ ದಾರ, ನಾಲ್ಕು ಕಡ್ಡಿ, ಒಂದು ಮೀಟರ್ ಚೌಕ. ಅದರೊಳಗೆ ಏನೇನಿದೆ ಪಟ್ಟಿ ಮಾಡಬೇಕು. ಒಂದು ತೋಟದ ನೆರಳಲ್ಲಿ, ಒಂದು ಬಿಸಿಲ ಬ್ಯಾಣದಲ್ಲಿ (ಹುಲ್ಲು ಬೆಳೆಯೋ ಬಯಲು) ಹಾಕಿ ಹೋಲಿಸಿ. ಮೂರು ಮಕ್ಕಳಿಗೊಂದು ಚೌಕ, ಒಂದು ಭೂತಗನ್ನಡಿ. ಒಬ್ಬ ನೋಡೋದು, ಒಬ್ಬ ಬರೆಯೋದು, ಒಬ್ಬ ಚಿತ್ರ. ನಾಲ್ಕನೆಯವನಿದ್ದರೆ ಅವನಿಗೆ ಕೆಲಸ ಇಲ್ಲ, ಅವನೇ ಗಲಾಟೆ ಶುರು ಮಾಡೋದು. ಮನೆ ಗೋಡೆ ಬುಡದ ಒಣ ಮಣ್ಣಲ್ಲಿ ಲಾಳಿಕೆ ಥರ ಕುಳಿ ತೋಡಿ ಇರುವೆಗೆ ಕಾಯೋ ಹುಳ ಇದ್ದರಂತೂ ಅರ್ಧ ದಿನ ನಿಮ್ಮನ್ನ ಯಾರೂ ಕೇಳಲ್ಲ. ಚೌಕ ಹಾಕೋ ಮೊದಲು ಮೇಲೆ ಕೊಂಬೆ ನೋಡಿ, ಚಗಳಿ (ಕಚ್ಚೋ ಕೆಂಪಿರುವೆ) ಗೂಡಿದ್ದರೆ ಜಾಗ ಬದಲಿಸಿ.

ರಾತ್ರಿಗೆ ಪತಂಗದ ಪರದೆ. ಬಿಳಿ ಪಂಚೆ ಹಗ್ಗಕ್ಕೆ ಇಳಿಬಿಟ್ಟು ಹಿಂದೆ ದೀಪ. ಹಳದಿ ಎಲ್ಇಡಿ ಹಾಕಿ "ಒಂದೂ ಬರಲಿಲ್ಲ" ಅನ್ನೋರು ಜಾಸ್ತಿ. ಪತಂಗ ಬರೋದು ನೇರಳಾತೀತ ಬೆಳಕಿಗೆ, ಎಲ್ಇಡಿಲಿ ಅದು ಇಲ್ಲವೇ ಇಲ್ಲ ಅನ್ನಬಹುದು. ಹಳೇ ಪಾದರಸದ ಬಲ್ಬು ಅಥವಾ ನೇರಳಾತೀತ ಟ್ಯೂಬು ಬೇಕು, ಮಕ್ಕಳು ಅದನ್ನೇ ದಿಟ್ಟಿಸದ ಹಾಗೆ ಪರದೆ ಹಿಂದೆ ಮರೆಯಾಗಿರಲಿ. ಬೆಳದಿಂಗಳಿದ್ದರೆ ಕಮ್ಮಿ ಬರತ್ತೆ. ಏಳೂವರೆಯಿಂದ ಒಂಬತ್ತು, ಆಮೇಲೆ ಆರಿಸಿ. ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಕಾಜಾಣ ಬಂದು ಪರದೆ ಮೇಲಿದ್ದದ್ದನ್ನೆಲ್ಲ ತಿಂದು ಮುಗಿಸಿರತ್ತೆ.

ಹೆಜ್ಜೆಗುರುತಿನ ಅಚ್ಚು ತೆಗೆಸ್ತೀರಾದ್ರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಎರಡು ಪಾಲು, ನೀರು ಒಂದು ಪಾಲು. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರಲ್ಲ, ಗಂಟು ಕಟ್ಟತ್ತೆ. ರಟ್ಟಿನ ಪಟ್ಟಿ ಸುತ್ತ ನಿಲ್ಲಿಸಿ ಹೊಯ್ದು ಅರ್ಧ ಗಂಟೆ ಮುಟ್ಟಬೇಡಿ. ಪ್ಲಾಸ್ಟರಲ್ಲಿ ಮಕ್ಕಳು ಕೈ ಹೂಳಬಾರದು, ಗಟ್ಟಿಯಾಗುವಾಗ ಚರ್ಮ ಸುಡುವಷ್ಟು ಬಿಸಿ ಏರತ್ತೆ.

ಮುಟ್ಟಬಾರದ್ದನ್ನ ಮೊದಲ ಸಂಜೆಯೇ ತೋರಿಸಿ. ಒಣಗಿದ ನಸುಗುನ್ನಿ ಕಾಯಿ ಈ ಕಾಲದಲ್ಲೇ ಇರೋದು. ತಾಗಿದರೆ ಉಜ್ಜಬಾರದು, ಅಂಟುಪಟ್ಟಿ ಒತ್ತಿ ಎಳೆದು ಕೂದಲು ತೆಗೆದು ಆಮೇಲೆ ನೀರು. ಹೊಳೆಗೇರು ಮರದ ಸೊನೆ, ಹಸಿ ಗೇರುಬೀಜದ ಸೊನೆ ಚರ್ಮ ಸುಡತ್ತೆ. ಕಾಡಿನ ಹಣ್ಣು ಕೌನ್ಸೆಲರ್ ತೋರಿಸಿದ್ದು ಮಾತ್ರ, ತೊಳೆದು. ಕೌಳಿ, ಮುರುಗಲು ಸಿಕ್ಕರೆ ಬಿಡಬೇಡಿ. ಮುರುಗಲು ಶರಬತ್ತು ಮಕ್ಕಳ ಕೈಯಲ್ಲೇ ಮಾಡಿಸಿ.

ಇನ್ನೊಂದು. ಸೊಪ್ಪಿನಬೆಟ್ಟಕ್ಕೆ ಹೋಗುವ ಮೊದಲು ಅದನ್ನು ನೋಡಿಕೊಳ್ಳುವವರ ಹತ್ತಿರ ಒಂದು ಮಾತು ಕೇಳಿ, ಒಂದೇ ಮನೆಯದಾಗಿರಲ್ಲ. ಅದರಾಚೆಯ ಕಾಡಿಗೆ ಅರಣ್ಯ ಇಲಾಖೆ ಅನುಮತಿ ಬೇಕು, ವಲಯ ಕಚೇರಿಗೆ ಮುಂಚೆಯೇ ಅರ್ಜಿ ಕೊಡಿ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಚಾರಣದ ದಾರಿ ಮುಚ್ಚಿರೋದುಂಟು. ಅನುಮತಿ ಸಿಗದಿದ್ರೆ ಕೊರಗಬೇಡಿ, ತೋಟ, ಬೆಟ್ಟ, ಹಳ್ಳದ ದಂಡೆ ಏಳು ದಿನಕ್ಕೆ ಮಿಗತ್ತೆ.

ಹಾಳೆಟೋಪಿ:

ಎಲ್ಲರಿಗೂ ಧನ್ಯವಾದ. ಐದನೇ ಕೌನ್ಸೆಲರ್‌ಗೆ ಇವತ್ತೇ ಕೇಳುತ್ತೇನೆ. ಹಳ್ಳದ ಬಗ್ಗೆ ಯಾರೂ ಹೇಳಲಿಲ್ಲ. ರಾತ್ರಿ ಮನೆ ನೆನಪಾಗಿ ಅಳುವ ಮಕ್ಕಳ ವಿಷಯವೂ ತಿಳಿಸಿ.

ಬಾವಿಕಟ್ಟೆ:

ಹಳ್ಳಕ್ಕೆ ಇಳಿಸಬಾರದು ಅನ್ನುವುದು ನನ್ನ ಅಭಿಪ್ರಾಯ. ನಾಲ್ವರಲ್ಲಿ ಎಷ್ಟು ಜನಕ್ಕೆ ಈಜು ಬರುತ್ತದೆ, ಅದರಲ್ಲೂ ಮುಳುಗುವವರನ್ನು ಎತ್ತುವುದು ಎಷ್ಟು ಜನಕ್ಕೆ ಬರುತ್ತದೆ? ಬೇಸಿಗೆಯ ಹಳ್ಳದಲ್ಲಿ ಮಂಡಿ ನೀರು, ಎರಡು ಹೆಜ್ಜೆ ಮುಂದೆ ಆಳೆತ್ತರದ ಗುಂಡಿ. ಮೇಲೆ ಮಳೆಯಾದರೆ ನಿಮ್ಮಲ್ಲಿ ಬಿಸಿಲಿದ್ದಾಗಲೇ ನೀರು ಏರುತ್ತದೆ. ನೀರು ಕದಡಿ ಎಲೆ, ಕಡ್ಡಿ ತೇಲಿ ಬರಲು ಶುರುವಾದರೆ ಆ ಕ್ಷಣ ಎಲ್ಲರನ್ನೂ ದಂಡೆ ಹತ್ತಿಸಿ.

ರಾತ್ರಿ ಅಳು ಮೊದಲ ಎರಡು ದಿನ, ಮಲಗುವ ಹೊತ್ತಿಗೆ. "ನಾಳೆ ಅಮ್ಮ ಬರ್ತಾರೆ" ಅಂತ ಸುಳ್ಳು ಹೇಳಬೇಡಿ, ನಾಳೆ ಎರಡರಷ್ಟು ಅಳು. ಕೂಡಲೇ ಫೋನ್ ಹಚ್ಚಿ ಕೊಟ್ಟರೂ ಅಷ್ಟೇ, ಅಮ್ಮನ ದನಿ ಕೇಳಿ ಹೆಚ್ಚಾಗುತ್ತದೆ. ಹತ್ತಿರ ಕೂತು ಮನೆಯಲ್ಲಿ ಯಾರ್ಯಾರಿದ್ದಾರೆ ಕೇಳಿ, ಅಮ್ಮನಿಗೆ ಕಾಗದ ಬರೆಸಿ, ಬೆಳಿಗ್ಗೆ ಒಂದು ಜವಾಬ್ದಾರಿ ಕೊಡಿ: ಬಾಳೆಲೆ ಹಾಕುವುದೋ, ಗಂಟೆ ಬಾರಿಸುವುದೋ. ಪೋಷಕರಿಗೆ ನೀವೇ ಫೋನ್ ಮಾಡಿ ವಿಷಯ ತಿಳಿಸಿ. ಮೂರನೇ ದಿನವೂ ಊಟ ಬಿಟ್ಟು ಅಳುತ್ತಿದ್ದರೆ ಮನೆಗೆ ಕಳಿಸುವುದು ಸೋಲಲ್ಲ.

ಹಾಸಿಗೆ ಒದ್ದೆ ಮಾಡಿಕೊಳ್ಳುವ ಮಕ್ಕಳು ಈ ವಯಸ್ಸಿನಲ್ಲೂ ಇರುತ್ತಾರೆ. ಫಾರಂನಲ್ಲಿ ಕೇಳಿ, ಪ್ಲಾಸ್ಟಿಕ್ ಹಾಳೆ ಹಾಸಿ, ಹತ್ತೂವರೆಗೆ ಸದ್ದಿಲ್ಲದೆ ಎಬ್ಬಿಸಿ ಕರೆದುಕೊಂಡು ಹೋಗಿ. ಬೆಳಿಗ್ಗೆ ಬೇರೆಯವರು ಏಳುವ ಮುನ್ನ ಹೊದಿಕೆ ಬದಲಾಗಿರಬೇಕು. ಹುಡುಗಿಯರ ಕೋಣೆಯಲ್ಲಿ ಪ್ಯಾಡು, ಮುಚ್ಚಳದ ಡಬ್ಬಿ ಎಲ್ಲಿದೆ ಅಂತ ಅಕ್ಕಂದಿರು ಮೊದಲ ದಿನವೇ ಎಲ್ಲ ಹುಡುಗಿಯರಿಗೂ ಹೇಳಲಿ. ಮೊದಲ ಸಲ ಮುಟ್ಟಾಗುವುದು ಶಿಬಿರದಲ್ಲೇ ಆಗಬಹುದು.

ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು. ಅಡುಗೆಯವರು, ಚಾಲಕ, ತೋಟದ ಆಳು, ಆಯೋಜಕರು, ನೀವು, ಎಲ್ಲರಿಗೂ ಈ ನಿಯಮ. ಲೈಂಗಿಕ ಕಿರುಕುಳದ ಬಗ್ಗೆ ಮಗು ಏನಾದರೂ ಹೇಳಿದರೆ ನಂಬಿ ಕೇಳಿ, ಪ್ರಶ್ನೆ ಮೇಲೆ ಪ್ರಶ್ನೆ ಹಾಕಬೇಡಿ, ಅದೇ ಮಾತುಗಳಲ್ಲಿ ಬರೆದಿಡಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಡುವುದು ಶಿಕ್ಷಾರ್ಹ. "ಮೊದಲು ಆಯೋಜಕರನ್ನು ಕೇಳೋಣ" ಅನ್ನುವ ಆಯ್ಕೆ ನಿಮಗಿಲ್ಲ. ಮಕ್ಕಳ ಸಹಾಯವಾಣಿ 1098.

ಜೀರುಂಡೆ:

@ಬಾವಿಕಟ್ಟೆ, ಪೂರ್ತಿ ಬೇಡ ಅನ್ನೋದನ್ನ ಒಪ್ಪಲ್ಲ. ಹಳ್ಳಕ್ಕೆ ಬಿಡಲಿಲ್ಲ ಅಂದ್ರೆ ಎಂಟು ಜನ ಕದ್ದು ಹೋಗ್ತಾರೆ. ಸ್ನಾನ, ಈಜು ಬೇಡ ಸರಿ. ಆದರೆ ಪಾದ ಮುಳುಗೋ ಜಾಗದಲ್ಲಿ ಕಲ್ಲಡಿ ಏಡಿ, ನೀರುಹುಳ ಹುಡುಕಿಸಬಹುದು. ಹಿಂದಿನ ದಿನ ಕೋಲು ಹಾಕಿ ಆಳ ನೋಡಿ, ಮೇಲೊಂದು ಕೆಳಗೊಂದು ಹಗ್ಗ ಅಡ್ಡ ಕಟ್ಟಿ, ಸಲಕ್ಕೆ ಎಂಟೇ ಮಕ್ಕಳು, ಇಬ್ಬರು ಕೌನ್ಸೆಲರ್, ಒಬ್ಬರು ನೀರಲ್ಲಿ ಕೆಳಗಿನ ಹಗ್ಗದ ಹತ್ರ. ಬೆಳಿಗ್ಗೆ ಮಾತ್ರ. ಕಾಲಿಗೆ ಹಳೇ ಕ್ಯಾನ್ವಾಸ್ ಶೂ, ಹವಾಯಿ ಚಪ್ಪಲಿ ಜಾರತ್ತೆ. ನೋಡಿದ್ದನ್ನ ಅಲ್ಲೇ ಬಿಡಬೇಕು, ಎತ್ತಿದ ಕಲ್ಲನ್ನ ಹಾಗೇ ವಾಪಸು ಇಡಬೇಕು.

ಬಾವಿಕಟ್ಟೆ:

ಹಗ್ಗ, ಎಂಟೇ ಮಕ್ಕಳು, ಇಬ್ಬರು ದೊಡ್ಡವರು ಇದ್ದರೆ ಆಗಬಹುದು. ಆದರೆ ಆ ಇಬ್ಬರಲ್ಲಿ ಒಬ್ಬರಿಗಾದರೂ ಈಜು ಬರದಿದ್ದರೆ ಏಡಿಯೂ ಬೇಡ.

ಕುಟ್ರುಹಕ್ಕಿ:

ಬಿಟ್ಟುಹೋದದ್ದು: ಫೋನ್ ಸಿಗ್ನಲ್. ಆ ಕಡೆ ಎಷ್ಟೋ ಕಡೆ ಬಿಎಸ್‌ಎನ್‌ಎಲ್ ಬಿಟ್ಟರೆ ಬೇರೇನೂ ಹಿಡಿಯುವುದಿಲ್ಲ, ಕರೆಂಟ್ ಹೋದರೆ ಕೆಲವು ಟವರ್ ಕೂಡ ಮಲಗುತ್ತವೆ. ಯಾವ ದಿಬ್ಬದಲ್ಲಿ ಸಿಗುತ್ತದೆ ಎಂದು ಹಿಂದಿನ ದಿನವೇ ಗುರುತು ಮಾಡಿ. ಮಕ್ಕಳ ಪಟ್ಟಿ, ಪೋಷಕರ ನಂಬರು, ಆಸ್ಪತ್ರೆ, ಠಾಣೆ, ಅರಣ್ಯ ವಲಯ ಕಚೇರಿಯ ನಂಬರುಗಳನ್ನು ಕಾಗದದಲ್ಲಿ ಬರೆದು ಮೂರು ಪ್ರತಿ: ನಿಮ್ಮ ಜೇಬು, ಗಾಡಿ, ಅಡುಗೆಮನೆ ಗೋಡೆ. ಪೋಷಕರಿಗೆ ದಿನಕ್ಕೊಂದು ಸಂದೇಶ, ಒಂದೇ ಹೊತ್ತಿಗೆ, ರಾತ್ರಿ ಎಂಟೂವರೆ ಅಂತ ಮೊದಲೇ ಹೇಳಿ. ಸಿಗ್ನಲ್ ಇಲ್ಲದೆ ಒಂದು ದಿನ ತಪ್ಪಬಹುದು ಎಂಬುದನ್ನೂ ಸೇರಿಸಿ ಹೇಳಿ. ಫೋಟೊ ಕಳಿಸುವಾಗ ಎಲ್ಲ ಮಕ್ಕಳೂ ಇರುವ ಹಾಗೆ ನೋಡಿಕೊಳ್ಳಿ, ಒಂದು ಮುಖ ಕಾಣದಿದ್ದರೆ ಹತ್ತು ಫೋನ್.

ಕೊನೆಯ ದಿನ ಬೆಂಗಳೂರಿನಲ್ಲಿ ಬಸ್ಸು ನಿಂತಾಗ ಗಲಿಬಿಲಿ ಜಾಸ್ತಿ. ಬಾಗಿಲು ಒಂದೇ ತೆರೆದಿರಲಿ, ನೀವು ಪಟ್ಟಿ ಹಿಡಿದು ಬಾಗಿಲಲ್ಲಿ ನಿಲ್ಲಿ. ಕರೆದುಕೊಂಡು ಹೋಗುವವರ ಹೆಸರು ಫಾರಂನಲ್ಲಿ ಇದ್ದರೆ ಮಾತ್ರ ಸಹಿ ಹಾಕಿಸಿ ಮಗುವನ್ನು ಇಳಿಸಿ. "ನಾನು ಅವಳ ಮಾವ" ಅಂದವರ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಮಗು ಓಡಿ ಹೋಗಿ ತಬ್ಬಿಕೊಂಡರೂ ಮೊದಲು ಅಪ್ಪ ಅಮ್ಮನಿಗೆ ಫೋನ್. ಬಸ್ಸು ಖಾಲಿಯಾದ ಮೇಲೆ ಹಿಂದಿನ ಸೀಟಿನ ತನಕ ನಡೆದು ನೋಡಿ. ನಿದ್ದೆ ಹೋದ ಮಗು ಸೀಟಿನ ಕೆಳಗೆ ಜಾರಿರುತ್ತದೆ.